ರಂಗದೀಪವನ್ನು ತಗ್ಗಿಸುವ ವಿದ್ಯೆ

ನಾಟಕಕ್ಕೆ ಹೋದಾಗಲೆಲ್ಲ ನೀವು ಒಂದು ಸಂಗತಿಯನ್ನು ಕಂಡೂ ಕಾಣದವರಂತೆ ಮರಳಿ ಬಂದಿರುತ್ತೀರಿ. ಮೂರನೆಯ ಗಂಟೆಯಾದ ಮೇಲೆ ಸಭಾಂಗಣದ ದೀಪಗಳು ಒಮ್ಮೆಲೇ ಆರುವುದಿಲ್ಲ. ಮೆಲ್ಲಮೆಲ್ಲನೆ ಮಂದವಾಗುತ್ತ, ಕಡೆಗೆ ಕೆಂಪಾಗಿ ಅಡಗುತ್ತವೆ. ಅಷ್ಟರಲ್ಲಿ ರಂಗದ ಮೇಲೆ ಬೆಳಕು ಏರತೊಡಗಿರುತ್ತದೆ. ನಡುರಾತ್ರಿಯ ದೃಶ್ಯವು ಬೆಳಗಿನ ಜಾವಕ್ಕೆ ತಿರುಗುವಾಗ, ಯಾವ ಕ್ಷಣದಲ್ಲಿ ಬೆಳಗಾಯಿತೆಂದು ಕೇಳಿದರೆ ಸಭೆಯಲ್ಲಿ ಒಬ್ಬರೂ ಹೇಳಲಾರರು. ದೀಪವನ್ನು ಹೊತ್ತಿಸುವುದು ಸುಲಭ; ಆರಿಸುವುದು ಇನ್ನೂ ಸುಲಭ. ಆದರೆ ಉರಿಯುವ ದೀಪವನ್ನು ಆರಗೊಡದೆ, ನೋಡುವವರ ಅರಿವಿಗೆ ಬಾರದಂತೆ, ಬೇಕಾದಷ್ಟು ಮಾತ್ರ ತಗ್ಗಿಸಿ ನಿಲ್ಲಿಸುವುದು ಅತ್ಯಂತ ಕಷ್ಟಸಾಧ್ಯವಾದ ಕೆಲಸ. ಅದನ್ನು ಕಲಿಯುವುದಕ್ಕೆ ರಂಗಭೂಮಿಗೆ ಮುನ್ನೂರು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು.

ಈ ಮುನ್ನೂರು ವರ್ಷಗಳ ವೃತ್ತಾಂತವನ್ನು ಯಂತ್ರಗಳ ಇತಿಹಾಸವೆಂದು ಓದಿದರೆ ತಪ್ಪೇನೂ ಇಲ್ಲ. ನಮಗೆ ಮಾತ್ರ ಅದರಲ್ಲಿ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಬೆಳಕನ್ನು ಏರಿಳಿಸುವ ಶಕ್ತಿಯು ಹಲವರ ಕೈಯಿಂದ ಒಬ್ಬನ ಕೈಗೆ ಬರುತ್ತ ಹೋದಂತೆಲ್ಲ, ಪ್ರೇಕ್ಷಕನು ಏನನ್ನು ನೋಡಬೇಕು, ಏನನ್ನು ನೋಡಬಾರದು ಎಂಬ ನಿರ್ಣಯವೂ ಪ್ರೇಕ್ಷಕನ ಬಳಿಯಿಂದ ಜಾರಿ ಆ ಒಂದು ಕೈಗೆ ಸೇರಿತು. ಅದಕ್ಕೆ ತೆತ್ತ ಬೆಲೆ ಹಣದ ರೂಪದಲ್ಲಿ ಮಾತ್ರ ಇರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದುಗರು ಮುಂದೆ ಸಾಗಬೇಕೆಂದು ಕೋರುತ್ತೇವೆ.

ಮೊದಲ ಮಾತು ಇಟಲಿಯದು. ಹದಿನಾರನೆಯ ಶತಮಾನದಲ್ಲಿ ಅಲ್ಲಿನ ಅರಸುಮನೆತನಗಳು ನಾಟಕವನ್ನು ಅರಮನೆಯ ಒಳಗೆ ಆಡಿಸತೊಡಗಿದಾಗ, ಬಯಲಿನ ಸೂರ್ಯನನ್ನು ಬಿಟ್ಟುಬಂದ ನಾಟಕಕ್ಕೆ ಮೇಣದ ಬತ್ತಿ ಮತ್ತು ಎಣ್ಣೆಯ ದೀಪಗಳೇ ಗತಿಯಾದವು. ಮಾಂಟುವಾ ನಗರದ ಯೆಹೂದಿ ನಾಟಕಕಾರ ಲಿಯೋನೆ ಡಿ ಸೊಮ್ಮಿ ಎಂಬಾತನು ೧೫೬೫ರ ಸುಮಾರಿಗೆ ರಂಗಪ್ರಯೋಗವನ್ನು ಕುರಿತು ಸಂವಾದರೂಪದ ಗ್ರಂಥವೊಂದನ್ನು ಬರೆದನು. ತಾನು ಆಡಿಸಿದ ದುರಂತ ನಾಟಕವೊಂದರ ವಿಷಯವನ್ನು ಆತನು ಅಲ್ಲಿ ಪ್ರಸ್ತಾಪಿಸಿದ್ದಾನೆ. ಕಥೆ ಸುಖವಾಗಿ ಸಾಗುವವರೆಗೂ ರಂಗವು ದೇದೀಪ್ಯಮಾನವಾಗಿತ್ತಂತೆ. ಮೊದಲ ದುಃಖದ ಘಟನೆ ನಡೆದ ಆ ಕ್ಷಣದಲ್ಲೇ ಹೆಚ್ಚಿನ ದೀಪಗಳನ್ನು ಮರೆಮಾಡಿಸಿದನು, ಇಲ್ಲವೆ ಆರಿಸಿದನು. ಅದು ಸಭಿಕರ ಮನಸ್ಸನ್ನು ಬಹುವಾಗಿ ಕಲಕಿತೆಂದು ಹೇಳಿಕೊಂಡಿದ್ದಾನೆ. ಬೆಳಕನ್ನು ಕಾಣುವುದಕ್ಕಾಗಿ ಮಾತ್ರವಲ್ಲದೆ ಭಾವಕ್ಕಾಗಿ ತಗ್ಗಿಸಿದ ಪ್ರಯೋಗಗಳ ಪೈಕಿ ಲಿಖಿತ ಆಧಾರವುಳ್ಳ ಅತಿ ಹಳೆಯವುಗಳಲ್ಲಿ ಇದೂ ಒಂದು. ಸಭಾಂಗಣದಲ್ಲಿ ದೀಪಗಳು ಕಡಮೆಯಿದ್ದರೆ ರಂಗದ ದೀಪಗಳು ಹೆಚ್ಚು ಪ್ರಕಾಶವಾಗಿ ತೋರುತ್ತವೆಂಬುದನ್ನೂ ಆತನು ಬಲ್ಲವನಾಗಿದ್ದನು. ಆ ಮಾತನ್ನು ಲೋಕವು ಆಚರಣೆಗೆ ತರಲು ಇನ್ನೂ ಮುನ್ನೂರು ವರ್ಷ ಕಾಯಬೇಕಾಯಿತು.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಮೇಣದ ಬತ್ತಿಗೆ ಅರ್ಧ ಉರಿಯೆಂಬುದಿಲ್ಲ. ಉರಿದರೆ ಪೂರ್ತಿ ಉರಿಯುತ್ತದೆ, ಇಲ್ಲವಾದರೆ ಆರಿಹೋಗುತ್ತದೆ. ಆರಿಸಿದ್ದನ್ನು ನಾಟಕದ ನಡುವೆ ಪುನಃ ಹೊತ್ತಿಸಬೇಕಾದರೆ ಆಳು ಏಣಿ ಹಿಡಿದು ಬರಬೇಕು. ಇದಕ್ಕೆ ಉಪಾಯವನ್ನು ಬರೆದಿಟ್ಟವನು ನಿಕೋಲಾ ಸಬ್ಬಾಟಿನಿ ಎಂಬ ಶಿಲ್ಪಿ. ೧೬೩೮ರಲ್ಲಿ ಪ್ರಕಟವಾದ ತನ್ನ ರಂಗಯಂತ್ರಗಳ ಗ್ರಂಥದಲ್ಲಿ ಆತನು ಹೇಳುವ ಉಪಾಯ ತೀರ ಸರಳವಾದುದು. ಪ್ರತಿಯೊಂದು ದೀಪದ ನೇರಕ್ಕೆ, ಅದರ ಮೇಲುಗಡೆ, ತಗಡಿನ ಒಂದೊಂದು ಕೊಳವೆಯನ್ನು ಹುರಿಯಿಂದ ತೂಗುಬಿಡಬೇಕು. ಆ ಹುರಿಗಳನ್ನೆಲ್ಲ ರಾಟೆಗಳ ಮೇಲೆ ಹಾಯಿಸಿ, ಪಕ್ಕದಲ್ಲಿ ಒಟ್ಟುಗೂಡಿಸಿ ಕಟ್ಟಬೇಕು. ಹುರಿಯನ್ನು ಸಡಿಲಿಸಿದರೆ ಕೊಳವೆಗಳೆಲ್ಲ ಏಕಕಾಲಕ್ಕೆ ಇಳಿದು ದೀಪಗಳನ್ನು ಮುಚ್ಚುತ್ತವೆ, ಎಳೆದರೆ ಏರುತ್ತವೆ. ಒಳಗೆ ದೀಪ ಉರಿಯುತ್ತಲೇ ಇರುತ್ತದೆ; ಹೊರಗೆ ಕತ್ತಲೆ. ಅಂದರೆ ಆತನು ತಗ್ಗಿಸಿದ್ದು ದೀಪವನ್ನಲ್ಲ, ಅದು ಕಾಣುವುದನ್ನು ಮಾತ್ರ. ಆದರೂ ಹಲವು ದೀಪಗಳನ್ನು ಒಂದು ಹುರಿಗೆ ಕಟ್ಟಿದ ಈ ಯೋಚನೆಯನ್ನು ಸಾಮಾನ್ಯವೆಂದು ತಳ್ಳಿಹಾಕಲಾಗದು.

ಮುಂದಿನ ನೂರೈವತ್ತು ವರ್ಷಗಳಲ್ಲಿ ಹೆಚ್ಚಿನ ಬದಲಾವಣೆಯೇನೂ ಆಗಲಿಲ್ಲ. ರಂಗದ ಮುಂದಿನ ಅಂಚಿನಲ್ಲಿ ಸಾಲಾಗಿಟ್ಟ ಎಣ್ಣೆಯ ದೀಪಗಳನ್ನು ರಾತ್ರಿಯ ದೃಶ್ಯ ಬಂದಾಗ ಹಲಗೆಯ ಸಮೇತ ನೆಲದೊಳಕ್ಕೆ ಇಳಿಸುವ ಏರ್ಪಾಡು ಇಂಗ್ಲೆಂಡಿನಲ್ಲಿ ರೂಢವಾಯಿತು. ಫ್ರಾನ್ಸ್ ಮತ್ತು ಇಟಲಿಗಳನ್ನು ಸುತ್ತಿ ಬಂದ ಪ್ರಸಿದ್ಧ ನಟ ಡೇವಿಡ್ ಗ್ಯಾರಿಕ್‌ನು ೧೭೬೫ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ, ನಟರ ತಲೆಯ ಮೇಲೆ ತೂಗುತ್ತಿದ್ದ ಬತ್ತಿಯ ಗೊಂಚಲುಗಳನ್ನು ತೆಗೆಸಿ, ದೀಪಗಳನ್ನು ಪಕ್ಕದ ಮರೆಗಳಿಗೆ ಸರಿಸಿದನು. ಆದರೆ ಸಭಾಂಗಣದಲ್ಲಿ ನೂರಾರು ಬತ್ತಿಗಳು ನಾಟಕ ಮುಗಿಯುವವರೆಗೂ ಉರಿಯುತ್ತಲೇ ಇದ್ದವು. ಜನರು ನಾಟಕವನ್ನು ನೋಡುವಷ್ಟೇ ಒಬ್ಬರನ್ನೊಬ್ಬರು ನೋಡಲೂ ಬರುತ್ತಿದ್ದರು. ಬತ್ತಿಯ ಕರಕು ಕತ್ತರಿಸುವ ಆಳು ದೃಶ್ಯದ ನಡುವೆಯೇ ರಂಗಕ್ಕೆ ಬಂದುಹೋಗುತ್ತಿದ್ದನು. ಅಂಥ ಸಭೆಯ ಮುಂದೆ ರಂಗದ ಬೆಳಕನ್ನು ಎಷ್ಟು ತಗ್ಗಿಸಿದರೆ ತಾನೇ ಏನು ಪ್ರಯೋಜನ?

ನಮ್ಮ ಬಯಲಾಟಗಳನ್ನು ಹಿಲಾಲು, ದೀವಟಿಗೆಗಳ ಬೆಳಕಿನಲ್ಲಿ ಕಂಡ ಹಿರಿಯರಿಗೆ ಇಲ್ಲಿ ಒಂದು ಹೋಲಿಕೆ ಹೊಳೆಯದಿರದು. ಪಂಜು ಹಿಡಿದವನು ಪಾತ್ರಧಾರಿಯ ಮುಖದ ಸಮೀಪಕ್ಕೆ ನಡೆದು ಬಂದರೆ ಬೆಳಕು ಏರಿತು. ಹಿಂದಕ್ಕೆ ಸರಿದರೆ ಇಳಿಯಿತು. ಯಕ್ಷಗಾನದಲ್ಲಿ ಬಣ್ಣದ ವೇಷ ಪ್ರವೇಶಿಸುವಾಗ ಉರಿಗೆ ರಾಳದ ಪುಡಿ ಎರಚಿದರೆ ಭಗ್ಗನೆ ಎದ್ದ ಜ್ವಾಲೆಯಲ್ಲಿ ರಾಕ್ಷಸನು ಕ್ಷಣಕಾಲ ದುಪ್ಪಟ್ಟಾಗಿ ತೋರುತ್ತಿದ್ದನು. ಉರಿಯನ್ನು ತಗ್ಗಿಸಲಾಗದು, ಆದ್ದರಿಂದ ದೂರವನ್ನು ಬದಲಿಸಬೇಕು ಎಂಬ ಈ ತಿಳಿವಳಿಕೆ ಸಬ್ಬಾಟಿನಿಯದಕ್ಕಿಂತ ಕಡಮೆಯದೆಂದು ನಾವು ಭಾವಿಸುವುದಿಲ್ಲ. ಇರಲಿ, ಕಥೆಯ ಎಳೆಗೆ ಮರಳೋಣ.

ದೀಪವನ್ನೇ ನಿಜವಾಗಿ ತಗ್ಗಿಸಲು ಸಾಧ್ಯವಾದದ್ದು ಕಲ್ಲಿದ್ದಲ ಅನಿಲದಿಂದ. ಅಮೆರಿಕದ ಫಿಲಡೆಲ್ಫಿಯಾ ನಗರದ ಚೆಸ್ಟ್‌ನಟ್ ಸ್ಟ್ರೀಟ್ ರಂಗಮಂದಿರವು ೧೮೧೬ರಲ್ಲಿ ಅನಿಲದ ದೀಪಗಳನ್ನು ಹಾಕಿಸಿತು. ೧೮೧೭ರಲ್ಲಿ ಲಂಡನ್ನಿನ ಲೈಸಿಯಂ ಮತ್ತು ಡ್ರೂರಿ ಲೇನ್‌ಗಳು ಅದನ್ನು ಅನುಸರಿಸಿದವು. ಅನಿಲದ ಗುಣವೇನೆಂದರೆ, ಎಲ್ಲ ದೀಪಗಳಿಗೂ ಅದು ಕೊಳವೆಯಲ್ಲಿ ಬರುತ್ತದೆ; ಕೊಳವೆಗೆ ನಲ್ಲಿಯಿದೆ; ನಲ್ಲಿಯನ್ನು ಎಷ್ಟು ತಿರುಗಿಸಿದರೆ ಅಷ್ಟು ಉರಿ. ರಂಗದ ಒಂದು ಪಕ್ಕದಲ್ಲಿ ಎಲ್ಲ ನಲ್ಲಿಗಳನ್ನೂ ಒಂದೇ ಕಡೆ ಜೋಡಿಸಿದ ಪೀಠವೊಂದನ್ನು ನಿರ್ಮಿಸಿದರು. ಅದರ ಮುಂದೆ ನಿಂತ ಅನಿಲದವನು ಮೇಲಿನ ಸಾಲು, ಅಂಚಿನ ಸಾಲು, ಎಡದ ಮರೆ, ಬಲದ ಮರೆ, ಯಾವುದನ್ನು ಬೇಕಾದರೂ ನಿಂತಲ್ಲಿಂದಲೇ ಏರಿಸಿ ಇಳಿಸಬಲ್ಲವನಾದನು. ೧೮೭೫ರಲ್ಲಿ ತೆರೆದ ಪ್ಯಾರಿಸಿನ ಒಪೆರಾ ಮಂದಿರದಲ್ಲಂತೂ ಅನಿಲದ ಕೊಳವೆಗಳ ಉದ್ದ ಹತ್ತಾರು ಮೈಲಿಗಳಷ್ಟಿತ್ತು. ನಲ್ಲಿಯನ್ನು ಪೂರ್ತಿ ಮುಚ್ಚಿದರೆ ದೀಪ ಆರಿಬಿಡುತ್ತದಲ್ಲ? ಅದಕ್ಕಾಗಿ ಸಣ್ಣದೊಂದು ಪಕ್ಕಗೊಳವೆಯ ಮೂಲಕ ಸ್ವಲ್ಪವೇ ಅನಿಲ ಹರಿಯಗೊಟ್ಟು, ಕಣ್ಣಿಗೆ ಕಾಣಿಸದಷ್ಟು ಸಣ್ಣ ನೀಲಿ ಕುಡಿಯನ್ನು ಉಳಿಸಿಕೊಳ್ಳುತ್ತಿದ್ದರು.

ರಂಗವು ಒಂದು ಕೈಗೆ ಬಂದ ಮೇಲೆ ಸಭಾಂಗಣವೂ ಆ ಕೈಗೇ ಬಂದಿತು. ೧೮೭೬ರ ಆಗಸ್ಟಿನಲ್ಲಿ ಜರ್ಮನಿಯ ಬೈರಾಯ್ಟ್ ಎಂಬಲ್ಲಿ ಸಂಗೀತಗಾರ ವ್ಯಾಗ್ನರ್ ತನ್ನ ರಂಗಮಂದಿರವನ್ನು ತೆರೆದಾಗ ಸಭಾಂಗಣವನ್ನು ಕತ್ತಲೆಗೊಳಿಸಿ, ವಾದ್ಯಗಾರರನ್ನೂ ಕಣ್ಣಿಗೆ ಕಾಣದಂತೆ ತಗ್ಗಿನಲ್ಲಿ ಕೂರಿಸಿದನು. ೧೮೭೮ರ ಕೊನೆಯಲ್ಲಿ ಲೈಸಿಯಂ ರಂಗಮಂದಿರದ ಒಡೆತನ ವಹಿಸಿದ ನಟ ಹೆನ್ರಿ ಇರ್ವಿಂಗನು ಇಂಗ್ಲೆಂಡಿನಲ್ಲಿ ಅದನ್ನೇ ನಿಯಮವನ್ನಾಗಿ ಮಾಡಿದನು. ಇರ್ವಿಂಗನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದವನು ‘ಡ್ರಾಕುಲಾ’ ಕಾದಂಬರಿಯ ಕರ್ತೃ ಬ್ರಾಮ್ ಸ್ಟೋಕರ್. ತನ್ನ ಒಡೆಯನು ಅನಿಲದ ಸಾಲುಗಳನ್ನು ತುಂಡುತುಂಡಾಗಿ ವಿಭಾಗಿಸಿ ಒಂದೊಂದನ್ನೂ ಬೇರೆಬೇರೆಯಾಗಿ ಹತೋಟಿಗೆ ತಂದ ರೀತಿಯನ್ನು ಆತನು ಬರೆದಿಟ್ಟಿದ್ದಾನೆ.

ಸಭಾಂಗಣ ಕತ್ತಲಾದದ್ದು ಎಷ್ಟು ದೊಡ್ಡ ಪಲ್ಲಟವೆಂಬುದನ್ನು ಇಂದಿನ ನಾವು ಊಹಿಸುವುದು ಕಷ್ಟ. ಅದಕ್ಕೆ ಮೊದಲು ಪ್ರೇಕ್ಷಕನು ಸಭೆಯಲ್ಲಿ ಒಬ್ಬನಾಗಿದ್ದನು. ನೆರೆಯವನ ನಗುವನ್ನು, ಎದುರು ಸಾಲಿನವಳ ಕಣ್ಣೀರನ್ನು ಕಾಣುತ್ತಿದ್ದನು. ನಟನೂ ಸಭೆಯ ಮುಖವನ್ನು ಓದಿಕೊಂಡು ನಟಿಸುತ್ತಿದ್ದನು. ಕತ್ತಲೆಯಲ್ಲಿ ಪ್ರೇಕ್ಷಕನು ಏಕಾಂಗಿಯಾದನು. ಏಕಾಗ್ರತೆ ಬಂತು, ಮೌನ ಬಂತು, ಸೂಕ್ಷ್ಮವಾದ ಅಭಿನಯಕ್ಕೆ ಅವಕಾಶವಾಯಿತು. ಇವೆಲ್ಲ ದೊಡ್ಡ ಲಾಭಗಳೇ. ಆದರೆ ಸಭೆಯೆಂಬುದು ಸಭೆಯಾಗಿ ಉಳಿಯಲಿಲ್ಲ. ಬಯಲಾಟದ ರಾತ್ರಿಯಲ್ಲಿ ಆಟಕ್ಕೂ ನೋಟಕ್ಕೂ ಒಂದೇ ಬೆಳಕು ಹಂಚಿಕೆಯಾಗುವುದನ್ನು ಕಂಡವರಿಗೆ ಈ ನಷ್ಟವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನಿಲದಿಂದಾದ ಹಾನಿ ಇದಕ್ಕಿಂತ ಘೋರವಾದುದು. ಬಟ್ಟೆ, ಮರ, ಹಗ್ಗ, ಬಣ್ಣದ ಪರದೆಗಳ ನಡುವೆ ನೂರಾರು ತೆರೆದ ಜ್ವಾಲೆಗಳು! ೧೮೮೧ರ ಡಿಸೆಂಬರ್ ೮ರ ಸಂಜೆ ವಿಯೆನ್ನಾ ನಗರದ ರಿಂಗ್ ರಂಗಮಂದಿರದಲ್ಲಿ ಒಫೆನ್‌ಬಾಖ್‌ನ ಸಂಗೀತನಾಟಕಕ್ಕೆ ಜನ ಸೇರಿದ್ದರು. ರಂಗದ ಮೇಲಿನ ಸಾಲನ್ನು ಹೊತ್ತಿಸುವಾಗ ಸೋರಿದ ಅನಿಲಕ್ಕೆ ಬೆಂಕಿ ತಗುಲಿ ಪರದೆಗಳಿಗೆ ಹರಡಿತು. ಅಪಾಯವನ್ನು ತಡೆಯಲೆಂದು ಅನಿಲದ ಮುಖ್ಯ ಕವಾಟವನ್ನು ಮುಚ್ಚಿದರು. ಒಡನೆಯೇ ಇಡೀ ಕಟ್ಟಡ ಗಾಢಾಂಧಕಾರದಲ್ಲಿ ಮುಳುಗಿತು. ಆಪತ್ಕಾಲಕ್ಕೆಂದು ಇಟ್ಟಿದ್ದ ಎಣ್ಣೆಯ ದೀಪಗಳನ್ನು ಯಾರೂ ಹೊತ್ತಿಸಿರಲಿಲ್ಲ. ಬಾಗಿಲುಗಳು ಒಳಮುಖವಾಗಿ ತೆರೆಯುವಂಥವು. ಅಧಿಕೃತ ಲೆಕ್ಕದಂತೆ ೩೮೪ ಮಂದಿ ಮಡಿದರು. ೧೮೮೭ರ ಸೆಪ್ಟೆಂಬರ್ ೫ರಂದು ಇಂಗ್ಲೆಂಡಿನ ಎಕ್ಸೆಟರ್ ನಗರದ ರಂಗಮಂದಿರದಲ್ಲಿ ಅನಿಲದ ಉರಿ ಪರದೆಗೆ ತಗುಲಿ ೧೮೬ ಜನ ಸತ್ತರು. ವಿಯೆನ್ನಾದ ಸಂಗತಿಯನ್ನು ಓದುವಾಗಲೆಲ್ಲ ನಮ್ಮ ಮನಸ್ಸು ಆ ಮುಚ್ಚಿದ ಕವಾಟದ ಬಳಿ ನಿಂತುಬಿಡುತ್ತದೆ. ಎಲ್ಲ ದೀಪಗಳನ್ನೂ ಒಂದು ಕೈಗೆ ಕಟ್ಟಿದ ಮೇಲೆ ಎಲ್ಲವನ್ನೂ ಒಂದೇ ಕ್ಷಣದಲ್ಲಿ ಆರಿಸುವುದೂ ಆ ಒಂದು ಕೈಯಿಂದಲೇ ಸಾಧ್ಯವಾಗಿತ್ತು.

ಆ ದುರಂತ ನಡೆದ ಇಪ್ಪತ್ತು ದಿನಗಳಿಗೆ ಸರಿಯಾಗಿ, ೧೮೮೧ರ ಡಿಸೆಂಬರ್ ೨೮ರಂದು, ಲಂಡನ್ನಿನ ಸವಾಯ್ ರಂಗಮಂದಿರದ ವೇದಿಕೆಯನ್ನು ಮೊದಲ ಬಾರಿಗೆ ವಿದ್ಯುದ್ದೀಪಗಳು ಬೆಳಗಿದವು. ರಿಚರ್ಡ್ ಡಾಯ್ಲಿ ಕಾರ್ಟ್ ಎಂಬಾತನು ಕಟ್ಟಿಸಿದ ಆ ಮಂದಿರ ಅಕ್ಟೋಬರ್ ೧೦ರಂದೇ ತೆರೆದಿತ್ತು. ಆದರೆ ವಿದ್ಯುದುತ್ಪಾದಕ ಯಂತ್ರದ ಶಕ್ತಿ ಸಾಲದೆ ಸಭಾಂಗಣಕ್ಕೆ ವಿದ್ಯುತ್ತು, ರಂಗಕ್ಕೆ ಅನಿಲ ಎಂಬಂತೆ ಎರಡೂವರೆ ತಿಂಗಳು ನಡೆಯಿತು. ಜೋಸೆಫ್ ಸ್ವಾನ್‌ನು ತಯಾರಿಸಿದ ಸುಮಾರು ೧೨೦೦ ದೀಪಗಳು ಅಲ್ಲಿದ್ದವು. ಆ ದಿನ ಕಾರ್ಟ್‌ನು ತಾನೇ ರಂಗಕ್ಕೆ ಬಂದು, ಉರಿಯುವ ದೀಪವೊಂದನ್ನು ಸಭೆಯ ಎದುರಿನಲ್ಲೇ ಒಡೆದು ತೋರಿಸಿದನು. ಗಾಜು ಒಡೆದೊಡನೆ ದೀಪ ಆರಿತು, ಬೆಂಕಿ ಹತ್ತಲಿಲ್ಲ. ವಿಯೆನ್ನಾದ ಸುದ್ದಿ ಇನ್ನೂ ಹಸಿಯಾಗಿದ್ದ ಆ ಸಭೆಗೆ ಅದನ್ನು ಕಂಡು ಎಂಥ ಸಮಾಧಾನವಾಗಿರಬೇಡ!

ಆದರೆ ವಿದ್ಯುತ್ತಿಗೆ ನಲ್ಲಿಯೆಲ್ಲಿದೆ? ಇದ್ದ ಉಪಾಯ ಒಂದೇ: ದೀಪಕ್ಕೆ ಹೋಗುವ ದಾರಿಯಲ್ಲಿ ತಡೆಯೊಡ್ಡುವುದು. ಲೋಹದ ತಂತಿಯ ಸುರುಳಿಗಳ ಮೂಲಕ ವಿದ್ಯುತ್ತನ್ನು ಹಾಯಿಸಿ, ಸನ್ನೆಯನ್ನು ಸರಿಸಿದಂತೆ ಹೆಚ್ಚು ಸುರುಳಿಗಳು ದಾರಿಯಲ್ಲಿ ಸೇರುವ ಹಾಗೆ ಮಾಡಿದರು. ತಂತಿ ಉದ್ದವಾದಷ್ಟೂ ತಡೆ ಹೆಚ್ಚು, ದೀಪ ಮಂದ. ಸವಾಯ್‌ನಲ್ಲಿ ರಂಗದ ದೀಪಗಳನ್ನು ಹೀಗೆ ಹಂತಹಂತವಾಗಿ ಇಳಿಸುತ್ತಿದ್ದರು. ಇದೇ ಪ್ರತಿರೋಧ ಪದ್ಧತಿ. ಎಂಬತ್ತು ವರ್ಷಗಳ ಕಾಲ ಲೋಕದ ರಂಗಮಂದಿರಗಳನ್ನು ಆಳಿದ್ದು ಇದೇ. ಇದರ ದೋಷಗಳು ಎರಡು. ದೀಪಕ್ಕೆ ಹೋಗದ ವಿದ್ಯುತ್ತು ಉಳಿತಾಯವಾಗುವುದಿಲ್ಲ, ಸುರುಳಿಯಲ್ಲಿ ಶಾಖವಾಗಿ ಹಾಳಾಗುತ್ತದೆ. ಆದ್ದರಿಂದ ದೀಪದ ಕೋಣೆ ಒಲೆಯಂತೆ ಕಾಯುತ್ತಿತ್ತು. ಇನ್ನೊಂದು ದೋಷ ವಿಚಿತ್ರವಾದುದು. ಸಾವಿರ ವಾಟ್ ದೀಪಕ್ಕೆ ತಕ್ಕಂತೆ ಮಾಡಿದ ತಡೆಗೆ ಇನ್ನೂರು ವಾಟ್‌ನ ದೀಪವನ್ನು ಕಟ್ಟಿದರೆ ಅದು ಪೂರ್ತಿ ಇಳಿಯುವುದೇ ಇಲ್ಲ. ಆಗ ಲೆಕ್ಕ ಸರಿತೂಗಿಸಲು, ಯಾರ ಕಣ್ಣಿಗೂ ಬೀಳದಂತೆ ಒಳಗೆಲ್ಲೋ ಇನ್ನೊಂದು ದೊಡ್ಡ ದೀಪವನ್ನು ಜೊತೆಗೆ ಉರಿಸುತ್ತಿದ್ದರು. ಯಾರಿಗೂ ಕಾಣದ ದೀಪವೊಂದು, ಕಾಣುವ ದೀಪ ತಗ್ಗಲೆಂದು ಉರಿಯುತ್ತಿತ್ತು!

ಹಣವಿಲ್ಲದ ತಂಡಗಳಿಗೆ ಉಪ್ಪುನೀರೇ ಆಧಾರ. ಜೇಡಿಮಣ್ಣಿನ ಜಾಡಿಯಲ್ಲಾಗಲಿ ಚರಂಡಿಗೆ ಬಳಸುವ ಕೊಳವೆಯ ತುಂಡಿನಲ್ಲಾಗಲಿ ನೀರು ತುಂಬಿ, ಸ್ವಲ್ಪ ಉಪ್ಪು ಕಲಸಿ, ತಳದಲ್ಲಿ ಒಂದು ಲೋಹದ ತಗಡನ್ನು ಕೂಡಿಸಿ, ಇನ್ನೊಂದನ್ನು ಹಗ್ಗಕ್ಕೆ ಕಟ್ಟಿ ಮೇಲಿನಿಂದ ಇಳಿಬಿಡುತ್ತಿದ್ದರು. ತಗಡುಗಳು ಸಮೀಪಿಸಿದಂತೆ ದೀಪ ಬೆಳಗುತ್ತದೆ, ದೂರವಾದಂತೆ ಮಂಕಾಗುತ್ತದೆ, ಮೇಲಿನದು ನೀರಿನಿಂದ ಹೊರಬಂದರೆ ಆರುತ್ತದೆ. ಯೂರೋಪಿನಲ್ಲಿಯೂ ನಮ್ಮ ದೇಶದಲ್ಲಿಯೂ ಹವ್ಯಾಸಿ ತಂಡಗಳು ಇದನ್ನು ಬಹುಕಾಲ ಬಳಸಿದವು. ನಾವು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ವಿದ್ಯಾರ್ಥಿಗಳ ನಾಟಕವೊಂದರಲ್ಲಿ ಇಂಥ ಜಾಡಿಗಳ ಸಾಲೊಂದನ್ನು ನೋಡಿದ್ದೆವು. ನಾಟಕ ಸಾಗಿದಂತೆ ನೀರು ಕಾದು ಹಬೆಯಾಡುತ್ತಿತ್ತು. ಅದನ್ನು ಕಾಯುತ್ತಿದ್ದ ಹುಡುಗನು ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದನು. ಎರಡೂ ಕೈ ಚಾಚಿದರೆ ಜೀವಕ್ಕೇ ಸಂಚಕಾರವೆಂದು ಹಿರಿಯರು ಅವನಿಗೆ ಹೇಳಿಕೊಟ್ಟಿದ್ದರು. ಆ ಪದ್ಧತಿ ಅಪಾಯಕರವಾದದ್ದು. ಅದು ಹೋದದ್ದೇ ಒಳ್ಳೆಯದಾಯಿತು. ಆದರೆ ಅದು ಇಳಿಸಿದಷ್ಟು ನಯವಾಗಿ ಬೆಳಕನ್ನು ಇಳಿಸಿದ ಸಾಧನಗಳು ಕಡಮೆ. ಏಕೆಂದರೆ ನೀರಿನಲ್ಲಿ ಮೆಟ್ಟಿಲುಗಳಿಲ್ಲ.

ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೂ ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದರೂ, ನಮ್ಮ ಹಳ್ಳಿಗಳ ರಂಗಕ್ಕೆ ಅದು ತಲಪಲು ದಶಕಗಳೇ ಬೇಕಾದವು. ಅಲ್ಲಿಯವರೆಗೆ ಪೆಟ್ರೊಮ್ಯಾಕ್ಸ್ ದೀಪವೇ ಸೂರ್ಯ, ಅದೇ ಚಂದ್ರ. ಜಾತ್ರೆಯ ನಾಟಕಗಳಲ್ಲಿ ಬಣ್ಣ ಹಚ್ಚಿದ ಹಿರಿಯರು ವಾಚಕರಲ್ಲಿ ಕೆಲವರಾದರೂ ಇದ್ದೀರಿ. ಆ ದೀಪವನ್ನು ಬೇಕಾದಂತೆ ತಗ್ಗಿಸಿ ಏರಿಸಲಾಗದೆಂದು, ಮರೆಮಾಡಬಹುದಷ್ಟೆಂದು ನೀವೇ ಬಲ್ಲಿರಿ. ಸಬ್ಬಾಟಿನಿಯ ತಗಡಿನ ಕೊಳವೆ ಅಲ್ಲಿಗೂ ಬಂದಂತಾಯಿತು.

ವಿದ್ಯುದ್ದೀಪದಲ್ಲಿ ಎಲ್ಲರೂ ತೃಪ್ತರಾದರೆಂದು ತಿಳಿಯಬೇಡಿ. ಅದರ ಬೆಳಕು ಮುಖದ ಮೇಲೆ ಬೀಳುವ ಬಗೆಯನ್ನು ನೋಡಿ ನಟಿ ಎಲೆನ್ ಟೆರಿ ಅಸಮಾಧಾನಗೊಂಡಳು. ಆಕೆಯ ಕೋರಿಕೆಯಂತೆ ಇರ್ವಿಂಗನು ಲೈಸಿಯಂನಲ್ಲಿ ಮತ್ತೆ ಅನಿಲದ ದೀಪಗಳನ್ನೇ ಹಾಕಿಸಿದನು. ಅನಿಲದ ಮೃದುತ್ವವನ್ನು ವಿದ್ಯುತ್ತಿನಿಂದಲೂ ಪಡೆಯಬಹುದೆಂದು ತೋರಿಸಿಕೊಡುವುದಕ್ಕೆ ತಾಳ್ಮೆ ಬೇಕಾಗಿತ್ತು. ಅಂಥ ತಾಳ್ಮೆ ನ್ಯೂಯಾರ್ಕಿನ ಡೇವಿಡ್ ಬೆಲಾಸ್ಕೊ ಎಂಬ ನಿರ್ದೇಶಕನಿಗಿತ್ತು. ೧೯೦೦ರಲ್ಲಿ ಆತನು ‘ಮೇಡಂ ಬಟರ್‌ಫ್ಲೈ’ ನಾಟಕವನ್ನು ಪ್ರಯೋಗಿಸಿದಾಗ, ಗಂಡನ ಬರವನ್ನು ಕಾಯುತ್ತ ಇರುಳೆಲ್ಲ ಎಚ್ಚರವಿರುವ ಜಪಾನೀ ಹೆಣ್ಣಿನ ದೃಶ್ಯವೊಂದನ್ನು ಕಟ್ಟಿದನು. ಹದಿನಾಲ್ಕು ನಿಮಿಷಗಳ ಕಾಲ ರಂಗದ ಮೇಲೆ ಒಂದು ಮಾತೂ ಇಲ್ಲ. ಸಂಜೆಗೆಂಪು ಇಳಿದು ಕತ್ತಲಾಗುತ್ತದೆ; ನಕ್ಷತ್ರಗಳು ಮೂಡುತ್ತವೆ; ಕಾಗದದ ಕಂದೀಲುಗಳು ಒಂದೊಂದಾಗಿ ಆರುತ್ತವೆ; ನಸುಕು ಹರಿಯುತ್ತದೆ; ಆಕೆ ಅಲ್ಲಿಯೇ ಇದ್ದಾಳೆ. ಹದಿನಾಲ್ಕು ನಿಮಿಷ ಸಭೆಯನ್ನು ಹಿಡಿದು ಕೂರಿಸಿದ್ದು ಮರೆಯಲ್ಲಿ ನಿಂತು ಸನ್ನೆಗಳನ್ನು ಕೂದಲೆಳೆಯಷ್ಟು ಸರಿಸುತ್ತಿದ್ದ ಕೆಲಸಗಾರರ ಕೈಗಳು. ಅದೇ ವರ್ಷ ಲಂಡನ್ನಿನಲ್ಲಿ ಆ ನಾಟಕವನ್ನು ನೋಡಿದ ಇಟಲಿಯ ಪುಚ್ಚಿನಿ ಅದನ್ನು ಆಧರಿಸಿ ರಚಿಸಿದ ಒಪೆರಾ ೧೯೦೪ರಲ್ಲಿ ರಂಗಕ್ಕೆ ಬಂದಿತು.

ಸನ್ನೆಯನ್ನು ಕೂದಲೆಳೆಯಷ್ಟು ಸರಿಸುವ ಅಗತ್ಯವೇನು? ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿದೆ. ಕಾದ ತಂತಿಯ ದೀಪಕ್ಕೆ ಕೊಡುವ ವಿದ್ಯುದೊತ್ತಡವನ್ನು ಅರ್ಧಕ್ಕೆ ಇಳಿಸಿದರೆ ಬೆಳಕು ಅರ್ಧವಾಗುವುದಿಲ್ಲ. ಹೆಚ್ಚುಕಡಮೆ ಹತ್ತನೆಯ ಒಂದು ಪಾಲಿಗೆ ಕುಸಿಯುತ್ತದೆ. ಕಣ್ಣಿನ ರೀತಿಯೂ ವಿಲಕ್ಷಣವಾದದ್ದು. ಝಗಝಗಿಸುವ ಬೆಳಕಿನಲ್ಲಿ ಸ್ವಲ್ಪ ಕಡಮೆಯಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಮಂದಪ್ರಕಾಶದಲ್ಲಿ ಅಷ್ಟೇ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಕೆಳಗಿನ ಮೆಟ್ಟಿಲುಗಳನ್ನು ಇಳಿಯುವಾಗಲೇ ಕೈ ಹದವಾಗಿರಬೇಕು. ಇದರ ಜೊತೆಗೆ ತಂತಿ ತಣಿದಂತೆಲ್ಲ ಬೆಳಕಿನ ಬಣ್ಣ ಬಿಳುಪಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಮುಳುಗುವ ಸೂರ್ಯನೂ ನಂದುವ ಕೆಂಡವೂ ಹಾಗೆಯೇ ಅಲ್ಲವೇ? ಆದ್ದರಿಂದಲೇ ಆ ಇಳಿತ ನಮಗೆ ಸಹಜವಾಗಿ ತೋರುತ್ತದೆ.

ಸ್ವಿಟ್ಜರ್ಲೆಂಡಿನ ಅಡಾಲ್ಫ್ ಆಪಿಯಾ (೧೮೬೨–೧೯೨೮) ಎಂಬ ಚಿಂತಕನು ೧೮೯೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರಂಗದ ಬೆಳಕು ಸಂಗೀತದಂತೆ ಹರಿಯಬೇಕು, ಭಾವದ ಏರಿಳಿತಕ್ಕೆ ಶ್ರುತಿಗೂಡಬೇಕು ಎಂದು ವಾದಿಸಿದನು. ಜರ್ಮನಿಯ ಡ್ರೆಸ್ಡೆನ್ ಬಳಿಯ ಹೆಲೆರೌ ಎಂಬಲ್ಲಿ ಆತನ ಸಂಗಡ ದುಡಿದ ಅಲೆಕ್ಸಾಂಡರ್ ಫಾನ್ ಸಾಲ್ಸ್‌ಮನ್ ೧೯೧೨ರ ಹೊತ್ತಿಗೆ ಸಭಾಭವನದ ಗೋಡೆ, ಮಾಳಿಗೆಗಳಿಗೆಲ್ಲ ಅರೆಪಾರದರ್ಶಕ ಬಟ್ಟೆ ಹೊದಿಸಿ, ಅದರ ಹಿಂದೆ ಸಾವಿರಾರು ದೀಪಗಳನ್ನು ಅಡಗಿಸ್ತಿ, ಎಲ್ಲವನ್ನೂ ಒಂದೆಡೆಯಿಂದ ಏರಿಳಿಸುವಂತೆ ಮಾಡಿದನು. ಅಲ್ಲಿ ರಂಗಕ್ಕೂ ಸಭೆಗೂ ಮತ್ತೆ ಒಂದೇ ಬೆಳಕು. ವ್ಯಾಗ್ನರನು ಕಡಿದ ಸಂಬಂಧವನ್ನು ಆಪಿಯಾನ ಬಳಗ ಪುನಃ ಬೆಸೆದದ್ದನ್ನು ಇತಿಹಾಸಕಾರರು ಇನ್ನೂ ಹೆಚ್ಚಾಗಿ ಎತ್ತಿ ಹೇಳಬೇಕಾಗಿತ್ತೆಂದು ನಮ್ಮ ಅಭಿಪ್ರಾಯ. ಸಂಗೀತದ ಹೋಲಿಕೆಯನ್ನು ಅಕ್ಷರಶಃ ನಿಜಮಾಡಿದವನು ಇಂಗ್ಲೆಂಡಿನ ಫ್ರೆಡೆರಿಕ್ ಬೆಂಥಮ್. ೧೯೩೫ರಲ್ಲಿ ಆತನು ನಿರ್ಮಿಸಿದ ದೀಪನಿಯಂತ್ರಕಕ್ಕೆ ಆರ್ಗನ್ ವಾದ್ಯದ ಮಣೆಯನ್ನೇ ಜೋಡಿಸಿದ್ದನು. ಅದರ ಮುಂದೆ ಕುಳಿತವನು ವಾದ್ಯ ನುಡಿಸಿದಂತೆ ಬೆಳಕನ್ನು ನುಡಿಸುತ್ತಿದ್ದನು.

ಕಲಕತ್ತೆಯ ತಾಪಸ್ ಸೇನ್ (೧೯೨೪–೨೦೦೬) ಅವರ ಹೆಸರನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾಗದು. ೧೯೫೯ರಲ್ಲಿ ಮಿನರ್ವಾ ರಂಗಮಂದಿರದಲ್ಲಿ ಉತ್ಪಲ ದತ್ತರು ಆಡಿಸಿದ ‘ಅಂಗಾರ್’ ನಾಟಕದ ಕೊನೆಗೆ ಕಲ್ಲಿದ್ದಲ ಗಣಿಯೊಳಕ್ಕೆ ನೀರು ನುಗ್ಗಿ, ಸಿಕ್ಕಿಬಿದ್ದ ಕೂಲಿಗಳನ್ನು ಇಂಚುಇಂಚಾಗಿ ಮುಳುಗಿಸುತ್ತದೆ. ರಂಗದ ಮೇಲೆ ಒಂದು ಹನಿ ನೀರಿರಲಿಲ್ಲ. ಏರುತ್ತಿದ್ದದ್ದು ಬೆಳಕು ಮಾತ್ರ. ಶ್ರೀಮಂತ ದೇಶಗಳ ಉಪಕರಣಗಳಿಲ್ಲದೆ ಸಾಧಿಸಿದ ಆ ದೃಶ್ಯ ಭಾರತದ ರಂಗಭೂಮಿಯಲ್ಲಿ ದಂತಕಥೆಯಾಗಿದೆ.

ಯಂತ್ರಗಳ ಕಡೆ ಸಂಕ್ಷೇಪವಾಗಿ ನೋಡೋಣ. ಶಾಖವಾಗಿ ಹಾಳುಮಾಡದೆ ವಿದ್ಯುದೊತ್ತಡವನ್ನೇ ಇಳಿಸಿಕೊಡುವ ಪರಿವರ್ತಕಗಳು ೧೯೩೦ರ ದಶಕದಲ್ಲಿ ಬಳಕೆಗೆ ಬಂದವು. ಅವು ದಿಕ್ಕು ಬದಲಿಸುವ ವಿದ್ಯುತ್ತಿಗೆ ಮಾತ್ರ ಹೊಂದುತ್ತವೆ. ೧೯೪೭ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾರ್ಜ್ ಐಸನೌರ್‌ನು ಥೈರಟ್ರಾನ್ ಎಂಬ ಅನಿಲ ತುಂಬಿದ ಬುರುಡೆಗಳಿಂದ ದೀಪಗಳನ್ನು ದೂರದಿಂದಲೇ ಆಳುವ ವ್ಯವಸ್ಥೆಯನ್ನು ರೂಪಿಸಿದನು. ಅಲ್ಲಿಯವರೆಗೆ ದೀಪದವನು ರಂಗದ ಪಕ್ಕದ ಮರೆಯಲ್ಲಿ ನಿಂತು, ತಾನು ಬೆಳಗುತ್ತಿದ್ದ ದೃಶ್ಯವನ್ನು ಓರೆಯಾಗಿ ಮಾತ್ರ ಕಾಣುತ್ತಿದ್ದನು. ಈಗ ಸಭಾಂಗಣದ ಹಿಂದೆ ಪ್ರೇಕ್ಷಕನಂತೆಯೇ ಕುಳಿತು ನೋಡುತ್ತ ಕೆಲಸ ಮಾಡುವುದು ಸಾಧ್ಯವಾಯಿತು. ಒಂದು ದೃಶ್ಯ ನಡೆಯುತ್ತಿರುವಾಗಲೇ ಮುಂದಿನದರ ಅಳತೆಗಳನ್ನು ಇನ್ನೊಂದು ಸಾಲಿನಲ್ಲಿ ಹೊಂದಿಸಿಡಬಹುದಾಯಿತು.

೧೯೫೭ರಲ್ಲಿ ಹೊರಬಂದ ಥೈರಿಸ್ಟರ್ ಎಂಬ ಪುಟ್ಟ ಸಾಧನ ಇವೆಲ್ಲವನ್ನೂ ಮೂಲೆಗೆ ತಳ್ಳಿತು. ಅದರ ಯುಕ್ತಿ ರಮಣೀಯವಾಗಿದೆ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳಲ್ಲಿ ಹಿಂದುಮುಂದಾಗಿ ಹರಿಯುತ್ತದೆ. ಅಂದರೆ ಸೆಕೆಂಡಿಗೆ ನೂರು ಅಲೆಗಳು. ಥೈರಿಸ್ಟರ್ ಪ್ರತಿಯೊಂದು ಅಲೆಯ ಆರಂಭದಲ್ಲಿ ಬಾಗಿಲು ಮುಚ್ಚಿರುತ್ತದೆ. ನಾವು ಹೇಳಿದಷ್ಟು ಹೊತ್ತು ತಡೆದು ಬಾಗಿಲು ತೆರೆಯುತ್ತದೆ. ಬೇಗ ತೆರೆದರೆ ದೀಪ ಪ್ರಖರ, ತಡವಾಗಿ ತೆರೆದರೆ ಮಂದ. ಸೆಕೆಂಡಿಗೆ ನೂರು ಬಾರಿ ದೀಪ ಉಪವಾಸ ಬೀಳುತ್ತದೆ. ಆದರೆ ಕಾದ ತಂತಿ ಅಷ್ಟರಲ್ಲಿ ತಣಿಯದ ಕಾರಣ ನಮಗೆ ಕಾಣುವುದು ಅಖಂಡವಾದ ಬೆಳಕು. ಹಠಾತ್ತನೆ ತೆರೆಯುವ ಬಾಗಿಲಿನ ಹೊಡೆತಕ್ಕೆ ದೀಪದ ತಂತಿ ಗುಂಯ್‌ಗುಡುತ್ತದೆ. ಧ್ವನಿವರ್ಧಕದೊಳಕ್ಕೂ ಆ ಸದ್ದು ನುಸುಳುತ್ತದೆ. ಅದನ್ನು ಅಡಗಿಸಲು ತಂತಿಯ ಸುರುಳಿಯೊಂದನ್ನು ದಾರಿಯಲ್ಲಿಡುತ್ತಾರೆ. ನಿಮ್ಮ ಊರಿನ ರಂಗಮಂದಿರದಲ್ಲಿ ನಿಶ್ಶಬ್ದ ದೃಶ್ಯವೊಂದರಲ್ಲಿ ಕಿವಿಗೊಟ್ಟರೆ ಆ ಗುಂಯ್‌ಕಾರ ಕೇಳಿಸಲೂಬಹುದು.

ನ್ಯೂಯಾರ್ಕಿನ ಬ್ರಾಡ್‌ವೇ ಮಂದಿರಗಳಲ್ಲಿ ಮಾತ್ರ ಹಳೆಯ ಪ್ರತಿರೋಧದ ಪೆಟ್ಟಿಗೆಗಳು ೧೯೭೦ರ ದಶಕದವರೆಗೂ ಉಳಿದಿದ್ದವು. ಹಲವು ಕೆಲಸಗಾರರು ಕೈ, ಮೊಣಕೈಗಳನ್ನೆಲ್ಲ ಬಳಸಿ ಸನ್ನೆಗಳನ್ನು ಒತ್ತುತ್ತಿದ್ದರು. ೧೯೭೫ರಲ್ಲಿ ‘ಎ ಕೋರಸ್ ಲೈನ್’ ಎಂಬ ಪ್ರಯೋಗಕ್ಕೆ ಬೆಳಕನ್ನು ಸಂಯೋಜಿಸಿದ ಥರನ್ ಮಸರ್ ಎಂಬ ಮಹಿಳೆ ಅಲ್ಲಿಗೆ ಗಣಕಯಂತ್ರದ ನಿಯಂತ್ರಕವನ್ನು ತಂದಳು. ಯಾವ ದೀಪ ಎಷ್ಟು, ಎಷ್ಟು ಸೆಕೆಂಡುಗಳಲ್ಲಿ ಎಂಬುದೆಲ್ಲ ಯಂತ್ರದ ನೆನಪಿನಲ್ಲಿ. ಮನುಷ್ಯನು ಒತ್ತಬೇಕಾದದ್ದು ಒಂದು ಗುಂಡಿ. ಪ್ರತಿ ರಾತ್ರಿಯೂ ಅದೇ ಬೆಳಕು ಅದೇ ವೇಗದಲ್ಲಿ ಬರುವ ಭರವಸೆ ಸಿಕ್ಕಿತು. ನಟನು ಇಂದು ಒಂದು ಉಸಿರು ಹೆಚ್ಚು ತಡೆದರೆ ತಾನೂ ತಡೆಯುತ್ತಿದ್ದ ಆ ಹಳೆಯ ಕೈಗಳ ವಿವೇಕ ಮಾತ್ರ ಆ ನೆನಪಿನಲ್ಲಿ ಸೇರಲಿಲ್ಲ. ಗುಂಡಿಯನ್ನು ಯಾವಾಗ ಒತ್ತಬೇಕೆಂಬುದರಲ್ಲಿ ಅದರ ಒಂದಂಶ ಉಳಿದುಕೊಂಡಿದೆ ಎನ್ನಬೇಕು. ೧೯೮೬ರಲ್ಲಿ ಡಿಎಂಎಕ್ಸ್ ೫೧೨ ಎಂಬ ಸಂಕೇತಪದ್ಧತಿ ಒಪ್ಪಿತವಾದ ಮೇಲೆ ಯಾರ ಯಂತ್ರವನ್ನು ಯಾರ ದೀಪಕ್ಕೆ ಬೇಕಾದರೂ ಜೋಡಿಸಬಹುದಾಯಿತು. ಒಂದೇ ತಂತಿಯಲ್ಲಿ ೫೧೨ ವಾಹಿನಿಗಳು. ಒಂದೊಂದಕ್ಕೂ ಸೊನ್ನೆಯಿಂದ ೨೫೫ರವರೆಗೆ ಮೆಟ್ಟಿಲುಗಳು.

ಈಗ ಕಾದ ತಂತಿಯ ದೀಪಕ್ಕೇ ಕಾಲ ಸರಿಯುತ್ತಿದೆ. ಎಲ್‌ಇಡಿ ದೀಪಗಳು ಬಹಳ ಕಡಮೆ ವಿದ್ಯುತ್ತಿನಲ್ಲಿ ಬೆಳಗುತ್ತವೆ. ಅವುಗಳನ್ನು ತಗ್ಗಿಸುವ ರೀತಿಯೇ ಬೇರೆ: ಸೆಕೆಂಡಿಗೆ ನೂರಾರು, ಸಾವಿರಾರು ಬಾರಿ ಪೂರ್ತಿ ಹೊತ್ತಿಸಿ ಪೂರ್ತಿ ಆರಿಸುತ್ತಾರೆ, ಹೊತ್ತಿರುವ ಕಾಲ ಕಡಮೆಯಾದಷ್ಟೂ ಕಣ್ಣಿಗೆ ಮಂದವಾಗಿ ತೋರುತ್ತದೆ. ಆದರೆ ಇದರಲ್ಲಿ ತಣಿಯುವ ತಂತಿಯಿಲ್ಲ, ಆದ್ದರಿಂದ ಕೆಂಪಾಗುವುದೂ ಇಲ್ಲ. ಬಿಳಿ ಬೆಳಕು ಬಿಳಿಯಾಗಿಯೇ ಕ್ಷೀಣಿಸುತ್ತದೆ. ತಡವಿಲ್ಲದೆ ಆಜ್ಞೆಯನ್ನು ಪಾಲಿಸುವುದರಿಂದ ೨೫೫ ಮೆಟ್ಟಿಲುಗಳಲ್ಲಿ ಕೆಳಗಿನವು ಒಂದೊಂದೂ ಕಣ್ಣಿಗೆ ಕುಕ್ಕುತ್ತವೆ. ೨೦೧೮ರಲ್ಲಿ ಐರೋಪ್ಯ ಒಕ್ಕೂಟವು ವಿದ್ಯುತ್ ಮಿತವ್ಯಯದ ನಿಯಮಗಳನ್ನು ಬಿಗಿಗೊಳಿಸಿ ಹಳೆಯ ದೀಪಗಳನ್ನು ನಿಲ್ಲಿಸಲು ಹೊರಟಾಗ, ಅಲ್ಲಿನ ರಂಗಕರ್ಮಿಗಳು ಒಟ್ಟಾಗಿ ಪ್ರತಿಭಟಿಸಿದರು. ಸಣ್ಣ ಮಂದಿರಗಳು ಹೊಸ ದೀಪಗಳಿಗೆ ಹಣವೆಲ್ಲಿಂದ ತಂದಾವು, ಆ ಕೆಂಪಗಿನ ಇಳಿತವನ್ನು ಎಲ್ಲಿ ಹುಡುಕಬೇಕು ಎಂಬುದು ಅವರ ಅಳಲು. ಕಡೆಗೆ ರಂಗದೀಪಗಳ ಕೆಲವು ಬಗೆಗಳಿಗೆ ವಿನಾಯಿತಿ ದೊರೆಯಿತು.

ತಯಾರಕರೂ ಸುಮ್ಮನೆ ಕುಳಿತಿಲ್ಲ. ಒಂದು ವಾಹಿನಿಯ ಬದಲು ಎರಡನ್ನು ಕೂಡಿಸಿ ೨೫೬ ಅಳತೆಗಳನ್ನು ೬೫,೫೩೬ಕ್ಕೆ ಏರಿಸಿದ್ದಾರೆ. ಮೆಟ್ಟಿಲುಗಳು ಈಗ ಕಣ್ಣಿಗೆ ಸಿಕ್ಕದಷ್ಟು ಸಣ್ಣವು. ಹಲವು ದೀಪಗಳೊಳಗೆ ಇನ್ನೂ ಒಂದು ಲೆಕ್ಕಾಚಾರವನ್ನು ಬರೆದಿಟ್ಟಿದ್ದಾರೆ. ತಗ್ಗಿಸೆಂದು ಆಜ್ಞೆಯಾದೊಡನೆ ದೀಪ ತಟ್ಟನೆ ತಗ್ಗುವುದಿಲ್ಲ. ಇಲ್ಲದ ತಂತಿಯೊಂದು ತನ್ನೊಳಗೆ ತಣಿಯುತ್ತಿರುವಂತೆ ಅರೆಗಳಿಗೆ ತಡೆದು, ಕೆಂಪು ಮತ್ತು ಹಳದಿಯ ಕಣಗಳನ್ನು ಒಂದಿಷ್ಟು ಹೆಚ್ಚಿಸಿಕೊಂಡು, ಹಳೆಯ ದೀಪದ ಹಾಗೆಯೇ ಇಳಿಯುತ್ತದೆ.